ತೋಟದ ತೇವಾಂಶ ಮಾಪಕಕ್ಕೆ ಇಂಡಕ್ಟರ್ ಮತ್ತು ಫಿಲ್ಟರ್‌ಗಳ ಆಯ್ಕೆ: ಕಂಪ್ಯೂಟರ್ ಅನುಕರಣೆಯಲ್ಲಿ ಗಮನಿಸಬೇಕಾದ ಅಂಶಗಳು

ಪೀಠಿಕೆ

ಕೊಡಗು ಜಿಲ್ಲೆಯ ರೊಬಸ್ಟಾ ಕಾಫಿ ಬೆಳೆಗಾರರಿಗೆ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳು ಮುಂದಿನ ಫಸಲನ್ನು ನಿರ್ಧರಿಸುವ ದಿನಗಳು. ಹೂಮಳೆ ಸಕಾಲಕ್ಕೆ ಬಾರದಿದ್ದಲ್ಲಿ ಕೆರೆಯ ನೀರನ್ನು ಪಂಪ್ ಮಾಡಿ, ತುಂತುರು ನೀರಾವರಿಯಿಂದ ಹೂ ಅರಳಿಸಲಾಗುತ್ತದೆ. ನಂತರ ಕಾಯಿ ಕಚ್ಚಲು ಬ್ಯಾಕಿಂಗ್ ನೀರನ್ನೂ ಕೊಡಬೇಕಾಗುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಎಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ನೀರು ಬೇರಿನ ವಲಯಕ್ಕೆ ಇಳಿಯುವ ಮೊದಲೇ ಪಂಪ್ ನಿಲ್ಲಿಸಿದರೆ ಮೊಗ್ಗುಗಳು ಪೂರ್ಣವಾಗಿ ಅರಳದೆ ಕಮರುವ ಅಪಾಯವಿದೆ. ಅಗತ್ಯ ಮೀರಿ ಹಾಯಿಸಿದರೆ ಕೆರೆಯ ನೀರು ಮುಂದಿನ ಬ್ಲಾಕಿಗೆ ಸಾಲುವುದಿಲ್ಲ.

ಈ ಕಾರಣದಿಂದ ಮಣ್ಣಿನ ತೇವಾಂಶ ಸಂವೇದಕಗಳನ್ನು ಅಳವಡಿಸುವ ಆಸಕ್ತಿ ಬೆಳೆಗಾರರಲ್ಲಿಯೂ ಕೃಷಿ ತಾಂತ್ರಿಕ ವಿದ್ಯಾರ್ಥಿಗಳಲ್ಲಿಯೂ ಕಂಡುಬರುತ್ತಿದೆ. ಸೌರಫಲಕ, 12 ವೋಲ್ಟ್ ಬ್ಯಾಟರಿ, ಮೈಕ್ರೋಕಂಟ್ರೋಲರ್, ರೇಡಿಯೊ ಮತ್ತು ಸಂವೇದಕಗಳನ್ನು ಜೋಡಿಸಿ ಇಂತಹ ಮಾಪಕವನ್ನು ಸ್ವತಃ ತಯಾರಿಸಬಹುದು. ತಯಾರಿಕೆಗೆ ಮುನ್ನ ವಿದ್ಯುನ್ಮಂಡಲವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು ಉತ್ತಮ ಪದ್ಧತಿ. ಆದರೆ ಅನುಕರಣೆಯಲ್ಲಿ ನೇರವಾಗಿ ಕಂಡ ರೇಖೆ ತೋಟದಲ್ಲಿಯೂ ನೇರವಾಗಿಯೇ ಇರುತ್ತದೆಂಬ ಭರವಸೆಯಿಲ್ಲ. ಅನುಕರಣೆಗೆ ಕೊಟ್ಟ ಇಂಡಕ್ಟರ್ ಅಂಗಡಿಯಲ್ಲಿ ದೊರೆಯುವ ಇಂಡಕ್ಟರಿನಂತೆ ಇಲ್ಲದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಆದ್ದರಿಂದ ಯಾವ ಸ್ಥಳದಲ್ಲಿ ಇಂಡಕ್ಟರ್ ಬೇಕು, ಯಾವ ಸ್ಥಳದಲ್ಲಿ ಸಾಧಾರಣ ರೋಧವೇ ಸಾಕು ಮತ್ತು ಅನುಕರಣೆಗೆ ಯಾವ ಮಾಹಿತಿ ನೀಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಂಡಕ್ಟರ್ ಏಕೆ ಬೇಕು?

ಚಾರ್ಜ್ ಆಗುತ್ತಿರುವ ಬ್ಯಾಟರಿಯ ವೋಲ್ಟೇಜ್ ಸುಮಾರು 14 ವೋಲ್ಟ್ ಇರುತ್ತದೆ. ಮಾಪಕಕ್ಕೆ ಬೇಕಾಗಿರುವುದು 5 ವೋಲ್ಟ್. ಸರಳ ಲೀನಿಯರ್ ನಿಯಂತ್ರಕವನ್ನು ಬಳಸಿದರೆ ಉಳಿದ 9 ವೋಲ್ಟ್ ಶಾಖವಾಗಿ ನಷ್ಟವಾಗುತ್ತದೆ. 0.5 ಆಂಪಿಯರ್ ಹೊರೆಯಲ್ಲಿ ಈ ನಷ್ಟ 4.5 ವ್ಯಾಟ್, ಉಪಯೋಗಕ್ಕೆ ಬರುವುದು 2.5 ವ್ಯಾಟ್ ಮಾತ್ರ. ಮುಂಗಾರಿನಲ್ಲಿ ದಿನಗಟ್ಟಲೆ ಮೋಡ ಕವಿದಿರುವ ಕೊಡಗಿನಲ್ಲಿ, ಅದರಲ್ಲಿಯೂ ನೆರಳು ಮರಗಳ ಕೆಳಗೆ, ಇಷ್ಟು ಶಕ್ತಿಯನ್ನು ಕಳೆದುಕೊಳ್ಳುವುದು ಸಾಧುವಲ್ಲ.

ಆದುದರಿಂದ ಬಕ್ ಪರಿವರ್ತಕವನ್ನು ಬಳಸಲಾಗುತ್ತದೆ. ಇದರಲ್ಲಿ ಒಂದು ಎಲೆಕ್ಟ್ರಾನಿಕ್ ಸ್ವಿಚ್ ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುತ್ತದೆ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಎಲ್‌ಎಂ 2596 ನಿಯಂತ್ರಕದಲ್ಲಿ ಈ ಆವರ್ತನ 150 ಕಿಲೋಹರ್ಟ್ಸ್. ಸ್ವಿಚ್ ಮುಚ್ಚಿದಾಗ ಇಂಡಕ್ಟರ್ ಶಕ್ತಿಯನ್ನು ಸಂಗ್ರಹಿಸುತ್ತದೆ, ತೆರೆದಾಗ ಅದೇ ಶಕ್ತಿಯನ್ನು ಹೊರೆಗೆ ಒದಗಿಸುತ್ತದೆ. ಬೀಸುವ ಕಲ್ಲನ್ನು ತಿರುಗಿಸಲು ಆರಂಭದಲ್ಲಿ ಬಲ ಬೇಕು. ತಿರುಗತೊಡಗಿದ ಮೇಲೆ ಕೈ ತೆಗೆದರೂ ಅದು ಥಟ್ಟನೆ ನಿಲ್ಲುವುದಿಲ್ಲ. ಇಂಡಕ್ಟರಿನಲ್ಲಿ ಹರಿಯುವ ವಿದ್ಯುತ್ ಪ್ರವಾಹದ ಸ್ವಭಾವವೂ ಹೀಗೆಯೇ.

ಇಂಡಕ್ಟರ್ ಮೌಲ್ಯದ ಲೆಕ್ಕ

ಪ್ರವಾಹವು ಪ್ರತಿ ಆವರ್ತದಲ್ಲಿಯೂ ಸ್ವಲ್ಪ ಏರಿ ಸ್ವಲ್ಪ ಇಳಿಯುತ್ತದೆ. ಈ ಏರಿಳಿತವು ಗರಿಷ್ಠ ಹೊರೆಯ ಶೇ. 30ರ ಆಸುಪಾಸಿನಲ್ಲಿರುವಂತೆ ಇಂಡಕ್ಟರನ್ನು ಆರಿಸುವುದು ವಾಡಿಕೆ. ಲೆಕ್ಕದ ಕ್ರಮ ಹೀಗಿದೆ:

1. ಹೊರಬರುವ ವೋಲ್ಟೇಜನ್ನು ಒಳಬರುವ ವೋಲ್ಟೇಜಿನಿಂದ ಭಾಗಿಸಬೇಕು. 5 ಭಾಗಿಸು 14 = 0.357. ಇದು ಸ್ವಿಚ್ ಮುಚ್ಚಿರುವ ಕಾಲದ ಅನುಪಾತ.
2. ಇದನ್ನು 1ರಿಂದ ಕಳೆದು, ಉಳಿದ 0.643ನ್ನು ಹೊರಬರುವ 5 ವೋಲ್ಟ್‌ನಿಂದ ಗುಣಿಸಬೇಕು. ಫಲ 3.21.
3. ಅಪೇಕ್ಷಿತ ಏರಿಳಿತ, 0.5 ಆಂಪಿಯರಿನ ಶೇ. 30 ಎಂದರೆ 0.15 ಆಂಪಿಯರ್. ಇದನ್ನು 1,50,000 ಹರ್ಟ್ಸ್ ಆವರ್ತನದಿಂದ ಗುಣಿಸಿದರೆ 22,500.
4. 3.21ನ್ನು 22,500ರಿಂದ ಭಾಗಿಸಿದರೆ ಸುಮಾರು 143 ಮೈಕ್ರೋಹೆನ್ರಿ. ಅಂಗಡಿಯಲ್ಲಿ ದೊರೆಯುವ ಸಮೀಪದ ಮೌಲ್ಯ 150 ಮೈಕ್ರೋಹೆನ್ರಿ.

ಸ್ವಿಚ್ ಮತ್ತು ಡಯೋಡ್‌ಗಳಲ್ಲಿ ಆಗುವ ವೋಲ್ಟೇಜ್ ಇಳಿತವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಮೊದಲ ಆಯ್ಕೆಗೆ ಇಷ್ಟು ಸಾಕು. ಇದೇ ಕ್ರಮದಲ್ಲಿ ಮೂರು ಮೌಲ್ಯಗಳನ್ನು ಹೋಲಿಸಿದಾಗ ಕಂಡುಬರುವ ವ್ಯತ್ಯಾಸ ಈ ಕೆಳಗಿನಂತಿದೆ.

| ಇಂಡಕ್ಟರ್ (ಮೈಕ್ರೋಹೆನ್ರಿ) | ಏರಿಳಿತ (ಆಂಪಿಯರ್) | 0.5 ಆಂಪಿಯರ್ ಹೊರೆಯಲ್ಲಿ ಶಿಖರ ಪ್ರವಾಹ (ಆಂಪಿಯರ್) |
|---|---|---|
| 33 | 0.65 | 0.82 |
| 150 | 0.14 | 0.57 |
| 470 | 0.05 | 0.52 |

470 ಮೈಕ್ರೋಹೆನ್ರಿಯೇ ಎಲ್ಲಕ್ಕಿಂತ ಉತ್ತಮವೆಂದು ಈ ಪಟ್ಟಿಯಿಂದ ತೋರಬಹುದು. ಆದರೆ ಅದೇ ಗಾತ್ರದ ಇಂಡಕ್ಟರಿನಲ್ಲಿ ಮೌಲ್ಯ ಹೆಚ್ಚಾದಂತೆ ತಂತಿಯ ಸುತ್ತುಗಳು ಹೆಚ್ಚುತ್ತವೆ ಹಾಗೂ ತಂತಿ ತೆಳುವಾಗುತ್ತದೆ. ಒಳರೋಧ ಏರಿ, ತಡೆಯಬಲ್ಲ ಪ್ರವಾಹ ಕಡಿಮೆಯಾಗುತ್ತದೆ. ರೇಡಿಯೊ ಥಟ್ಟನೆ ಚಾಲೂ ಆದಾಗ ಬೇಕಾಗುವ ಪ್ರವಾಹವನ್ನು ಒದಗಿಸುವುದೂ ನಿಧಾನವಾಗುತ್ತದೆ.

ಆದರ್ಶ ಇಂಡಕ್ಟರ್ ಮತ್ತು ಅಂಗಡಿಯ ಇಂಡಕ್ಟರ್

ಅನುಕರಣೆಗೆ ಎನ್‌ಜಿಸ್ಪೈಸ್, ಎಲ್‌ಟಿಸ್ಪೈಸ್ ಮುಂತಾದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಇವುಗಳ ಮೂಲವಾದ ಸ್ಪೈಸ್ ತಂತ್ರಾಂಶವು 1973ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಇಂಡಕ್ಟರಿನ ಮೌಲ್ಯವನ್ನಷ್ಟೇ ನಮೂದಿಸಿದರೆ ಇಂತಹ ತಂತ್ರಾಂಶವು ಅದನ್ನು ಆದರ್ಶ ಇಂಡಕ್ಟರ್ ಎಂದೇ ಪರಿಗಣಿಸುತ್ತದೆ. ಎಲ್‌ಟಿಸ್ಪೈಸ್‌ನಲ್ಲಿ ಒಳರೋಧವನ್ನು ನಮೂದಿಸದಿದ್ದರೆ 1 ಮಿಲಿಓಮ್ ಎಂದು ತಾನೇ ಇಟ್ಟುಕೊಳ್ಳುತ್ತದೆ. ಅಂಗಡಿಯಲ್ಲಿ ದೊರೆಯುವ ಸಣ್ಣ ಇಂಡಕ್ಟರಿನ ಒಳರೋಧ ಇದರ ನೂರಾರು ಪಟ್ಟು ಇರುತ್ತದೆ. ತಯಾರಕರ ಮಾಹಿತಿ ಹಾಳೆಯಿಂದ ಕೆಳಗಿನ ನಾಲ್ಕು ಅಂಶಗಳನ್ನು ಓದಿ ಅನುಕರಣೆಯಲ್ಲಿ ಸೇರಿಸಬೇಕು.

*ಒಳರೋಧ.* 0.3 ಓಮ್ ಒಳರೋಧವಿರುವ ಇಂಡಕ್ಟರಿನಲ್ಲಿ 0.5 ಆಂಪಿಯರ್ ಹರಿದರೆ 0.075 ವ್ಯಾಟ್ ನಷ್ಟವಾಗುತ್ತದೆ. ಇದು 2.5 ವ್ಯಾಟ್ ಹೊರೆಯ ಶೇ. 3ರಷ್ಟು.

*ಸಂತೃಪ್ತ ಪ್ರವಾಹ.* ಪೂರ್ತಿ ನೆನೆದ ಮಣ್ಣು ಹೇಗೆ ಇನ್ನಷ್ಟು ನೀರನ್ನು ಹೀರಿಕೊಳ್ಳದೆ ಹೊರಗೆ ಹರಿಯಬಿಡುತ್ತದೆಯೋ, ಹಾಗೆಯೇ ಇಂಡಕ್ಟರಿನ ತಿರುಳು ಒಂದು ಮಿತಿಯ ನಂತರ ಹೆಚ್ಚಿನ ಕಾಂತಕ್ಷೇತ್ರವನ್ನು ಹಿಡಿದಿಡಲಾರದು. ಆಗ ಅದರ ಮೌಲ್ಯ ಕುಸಿದು ಪ್ರವಾಹ ಚೂಪಾಗಿ ಏರುತ್ತದೆ. ಮೇಲಿನ ಪಟ್ಟಿಯ 33 ಮೈಕ್ರೋಹೆನ್ರಿ ಇಂಡಕ್ಟರಿನ ಸಂತೃಪ್ತ ಪ್ರವಾಹ 0.6 ಆಂಪಿಯರ್ ಎಂದು ಭಾವಿಸೋಣ. ಆದರ್ಶ ಅನುಕರಣೆಯಲ್ಲಿ 0.82 ಆಂಪಿಯರ್ ಶಿಖರದ ಅಚ್ಚುಕಟ್ಟಾದ ತ್ರಿಕೋನ ಅಲೆ ಕಾಣಿಸುತ್ತದೆ. ವಾಸ್ತವದಲ್ಲಿ ಅಷ್ಟು ಹೊತ್ತಿಗೆ ಇಂಡಕ್ಟರ್ ಸಂತೃಪ್ತಗೊಂಡು, ಸ್ವಿಚ್ ಕಾಯುತ್ತ, ಹೊರಬರುವ ವೋಲ್ಟೇಜಿನಲ್ಲಿ ಗದ್ದಲ ತುಂಬಿರುತ್ತದೆ. ನಮ್ಮ ಉದಾಹರಣೆಗೆ ಕನಿಷ್ಠ 1 ಆಂಪಿಯರ್ ಸಂತೃಪ್ತ ಪ್ರವಾಹವುಳ್ಳ 150 ಮೈಕ್ರೋಹೆನ್ರಿ ಇಂಡಕ್ಟರ್ ಸೂಕ್ತ. ನಿಯಂತ್ರಕದ ಪ್ರವಾಹ ಮಿತಿಯವರೆಗೂ ತಡೆಯಬಲ್ಲ ಇಂಡಕ್ಟರ್ ದೊರೆತರೆ ಮತ್ತಷ್ಟು ಕ್ಷೇಮ. ಏಕೆಂದರೆ ಚಾಲೂ ಮಾಡುವ ಕ್ಷಣದಲ್ಲಿ ಕೆಪಾಸಿಟರ್‌ಗಳು ಬರಿದಾಗಿದ್ದು, ಪ್ರವಾಹವು ಆ ಮಿತಿಯನ್ನು ಮುಟ್ಟಬಹುದು.

*ಸಹನಮಿತಿ.* ಇಂಡಕ್ಟರಿನ ಮೌಲ್ಯದಲ್ಲಿ ಶೇ. 20ರಷ್ಟು ವ್ಯತ್ಯಾಸ ಸಾಮಾನ್ಯ. 150 ಎಂದು ಬರೆದಿರುವುದು 120 ಇರಬಹುದು. ಆಗ ಏರಿಳಿತ 0.18 ಆಂಪಿಯರಿಗೆ ಏರುತ್ತದೆ. ಅನುಕರಣೆಯನ್ನು ಈ ಕನಿಷ್ಠ ಮೌಲ್ಯದಲ್ಲಿಯೂ ನಡೆಸಬೇಕು.

*ಶಾಖ.* ಫೆರೈಟ್ ತಿರುಳು ಬಿಸಿಯಾದಂತೆ ಬೇಗ ಸಂತೃಪ್ತಗೊಳ್ಳುತ್ತದೆ. ಮಾರ್ಚ್ ತಿಂಗಳ ಬಿಸಿಲು ನೇರವಾಗಿ ಬೀಳುವ ಪೆಟ್ಟಿಗೆಯೊಳಗೆ ಉಷ್ಣಾಂಶವು ಹೊರಗಿನದಕ್ಕಿಂತ ಬಹಳ ಹೆಚ್ಚಿರುತ್ತದೆ. ಪೆಟ್ಟಿಗೆಯನ್ನು ನೆರಳಿನಲ್ಲಿ ಕಟ್ಟುವುದು ಒಳ್ಳೆಯದು.

ಕೆಪಾಸಿಟರ್‌ನ ಒಳರೋಧವನ್ನು ಮರೆಯಬಾರದು

ಇಂಡಕ್ಟರಿನಿಂದ ಬರುವ ಏರಿಳಿತವನ್ನು ಕೆಪಾಸಿಟರ್ ತಗ್ಗಿಸುತ್ತದೆ. 150 ಮೈಕ್ರೋಹೆನ್ರಿ ಇಂಡಕ್ಟರಿನೊಂದಿಗೆ 220 ಮೈಕ್ರೋಫ್ಯಾರಡ್ ಆದರ್ಶ ಕೆಪಾಸಿಟರ್ ಇಟ್ಟರೆ ಉಳಿಯುವ ಅಲೆ ಸುಮಾರು ಅರ್ಧ ಮಿಲಿವೋಲ್ಟ್ ಮಾತ್ರ. ಆದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೂ ಒಳರೋಧವಿದೆ. ಅದು 0.1 ಓಮ್ ಇದ್ದರೆ ಅಲೆ ಸುಮಾರು 14 ಮಿಲಿವೋಲ್ಟ್ ಆಗುತ್ತದೆ. ಅಂದರೆ ಆದರ್ಶ ಅನುಕರಣೆ ತೋರಿಸಿದ್ದರ 25 ಪಟ್ಟಿಗೂ ಹೆಚ್ಚು. 33 ಮೈಕ್ರೋಹೆನ್ರಿ ಇಂಡಕ್ಟರ್ ಬಳಸಿದ್ದರೆ ಇದೇ ಅಲೆ 65 ಮಿಲಿವೋಲ್ಟ್. ಕೆಪಾಸಿಟರ್ ಹಳೆಯದಾದಂತೆ ಅದರ ಒಳರೋಧ ಏರುವುದರಿಂದ ಅಲೆಯೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ.

ಇದರ ಪರಿಣಾಮವನ್ನು ತೇವಾಂಶದ ಲೆಕ್ಕಕ್ಕೆ ತಂದು ನೋಡಬೇಕು. ಒಣ ಮಣ್ಣಿನಿಂದ ತೋಯ್ದ ಮಣ್ಣಿನವರೆಗೆ ಸಂವೇದಕದ ಸಂಕೇತ 1.8 ವೋಲ್ಟ್‌ನಷ್ಟು ಬದಲಾಗುತ್ತದೆ ಎಂದಿಟ್ಟುಕೊಂಡರೆ, ಆ ವ್ಯಾಪ್ತಿಯ ಶೇ. 1 ಎಂದರೆ 18 ಮಿಲಿವೋಲ್ಟ್. ಅಲೆಯು ಪೂರ್ತಿಯಾಗಿ ಸಂಕೇತಕ್ಕೆ ದಾಟುವ ಕೆಟ್ಟ ಸ್ಥಿತಿಯಲ್ಲಿ 14 ಮಿಲಿವೋಲ್ಟ್‌ನಿಂದ ಶೇ. 1ಕ್ಕಿಂತ ಕಡಿಮೆ ದೋಷ ಬರುತ್ತದೆ. 65 ಮಿಲಿವೋಲ್ಟ್‌ನಿಂದ ಬರುವ ದೋಷ ಶೇ. 3.6. ಪಂಪನ್ನು ಇನ್ನೊಂದು ಗಂಟೆ ಓಡಿಸಬೇಕೋ ನಿಲ್ಲಿಸಬೇಕೋ ಎಂಬ ತೀರ್ಮಾನ ಇಷ್ಟೇ ಅಂತರದ ಮೇಲೆ ನಿಂತಿರಬಹುದು.

ಫಿಲ್ಟರ್‌ಗಳ ಆಯ್ಕೆ

ಉಳಿದ ಅಲೆಯನ್ನು ತೆಗೆಯಲು ಎರಡು ಬಗೆಯ ಫಿಲ್ಟರ್‌ಗಳಿವೆ: ಇಂಡಕ್ಟರ್ ಮತ್ತು ಕೆಪಾಸಿಟರ್ ಸೇರಿದ ಎಲ್‌ಸಿ ಫಿಲ್ಟರ್, ರೋಧ ಮತ್ತು ಕೆಪಾಸಿಟರ್ ಸೇರಿದ ಆರ್‌ಸಿ ಫಿಲ್ಟರ್.

*ಎಲ್‌ಸಿ ಫಿಲ್ಟರ್.* 10 ಮೈಕ್ರೋಹೆನ್ರಿ ಮತ್ತು 100 ಮೈಕ್ರೋಫ್ಯಾರಡ್ ಸೇರಿದ ಫಿಲ್ಟರಿನ ಸ್ವಾಭಾವಿಕ ಆವರ್ತನ ಸುಮಾರು 5 ಕಿಲೋಹರ್ಟ್ಸ್. ಆದರ್ಶ ಅನುಕರಣೆಯಲ್ಲಿ ಇದು 150 ಕಿಲೋಹರ್ಟ್ಸ್ ಅಲೆಯನ್ನು ಸುಮಾರು 890 ಪಟ್ಟು ತಗ್ಗಿಸುತ್ತದೆ. ಕೆಪಾಸಿಟರ್‌ನ 0.1 ಓಮ್ ಒಳರೋಧವನ್ನು ಸೇರಿಸಿದರೆ ಇದು ಸುಮಾರು 94 ಪಟ್ಟಿಗೆ ಇಳಿಯುತ್ತದೆ. ಅಷ್ಟಾದರೂ 14 ಮಿಲಿವೋಲ್ಟ್ ಅಲೆ 0.15 ಮಿಲಿವೋಲ್ಟಿಗೆ ಬರುವುದರಿಂದ ಇದು ಸಾಕು.

ಆದರೆ ಎಲ್‌ಸಿ ಫಿಲ್ಟರಿಗೆ ತೊಟ್ಟಿಲಿನಂತೆ ತೂಗುವ ಗುಣವಿದೆ. ಹೊರೆ ಥಟ್ಟನೆ ಬದಲಾದಾಗ ಅದು ತನ್ನ ಸ್ವಾಭಾವಿಕ ಆವರ್ತನದಲ್ಲಿ ಓಲಾಡುತ್ತದೆ. ರೇಡಿಯೊ ಮುಂತಾದವು ಚಾಲೂ ಆಗಿ ಪ್ರವಾಹ 0.45 ಆಂಪಿಯರ್ ಏರಿದರೆ, ಯಾವುದೇ ರೋಧವಿಲ್ಲದ ಸ್ಥಿತಿಯಲ್ಲಿ ಈ ಫಿಲ್ಟರ್ ಸುಮಾರು 140 ಮಿಲಿವೋಲ್ಟ್‌ನಷ್ಟು ಓಲಾಡುತ್ತದೆ. 14 ಮಿಲಿವೋಲ್ಟ್ ಅಲೆಯನ್ನು ತೆಗೆಯಲು ಹಾಕಿದ ಫಿಲ್ಟರ್ ಅದರ ಹತ್ತು ಪಟ್ಟು ಹೊಸ ಅಲೆಯನ್ನು ತಂದಂತಾಯಿತು. ಇಲ್ಲಿ ಕೆಪಾಸಿಟರ್‌ನ ಒಳರೋಧವು ಓಲಾಟವನ್ನು ತಗ್ಗಿಸುವ ಉಪಕಾರಿಯಾಗುತ್ತದೆ. ಈ ಫಿಲ್ಟರಿಗೆ 0.3 ಓಮ್ ಆಸುಪಾಸಿನ ರೋಧವಿದ್ದರೆ ಓಲಾಟ ಬೇಗ ಶಮನವಾಗುತ್ತದೆ. ಒಳರೋಧ ಅತ್ಯಲ್ಪವಿರುವ ಸೆರಾಮಿಕ್ ಕೆಪಾಸಿಟರನ್ನು ಮಾತ್ರ ಬಳಸಿದಲ್ಲಿ ಅದರ ಜೊತೆಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನೂ ಸಮಾಂತರವಾಗಿ ಜೋಡಿಸಬೇಕು. ನಿಯಂತ್ರಕದ ಹಿಮ್ಮಾಹಿತಿ ತಂತಿಯನ್ನು ಈ ಎರಡನೆಯ ಫಿಲ್ಟರಿನ ಮೊದಲಿನ ಬಿಂದುವಿನಿಂದಲೇ ತೆಗೆದುಕೊಳ್ಳತಕ್ಕದ್ದು. ಫಿಲ್ಟರಿನ ನಂತರದ ಬಿಂದುವಿನಿಂದ ತೆಗೆದುಕೊಂಡರೆ ನಿಯಂತ್ರಣವೇ ಅಸ್ಥಿರವಾಗಬಹುದು.

*ಸಂವೇದಕಕ್ಕೆ ಆರ್‌ಸಿ ಫಿಲ್ಟರ್.* ತೇವಾಂಶ ಸಂವೇದಕವು ಬಳಸುವ ಪ್ರವಾಹ ಕೆಲವೇ ಮಿಲಿಆಂಪಿಯರ್. ಅದಕ್ಕೆ ಪ್ರತ್ಯೇಕ ಕವಲು ತೆಗೆದು 10 ಓಮ್ ರೋಧ ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ, 0.1 ಓಮ್ ಒಳರೋಧವನ್ನು ಗಣಿಸಿದರೂ 150 ಕಿಲೋಹರ್ಟ್ಸ್ ಅಲೆ ಸುಮಾರು 100 ಪಟ್ಟು ತಗ್ಗುತ್ತದೆ. ಇದು ಮೇಲಿನ ಎಲ್‌ಸಿ ಫಿಲ್ಟರಿಗೆ ಸಮನಾದ ಫಲ, ಆದರೆ ಓಲಾಟವಿಲ್ಲ. 5 ಮಿಲಿಆಂಪಿಯರ್ ಹರಿದಾಗ ರೋಧದಲ್ಲಿ ಇಳಿಯುವುದು 50 ಮಿಲಿವೋಲ್ಟ್ ಮಾತ್ರ. ಇದು ಸ್ಥಿರವಾದ ಇಳಿತವಾದ್ದರಿಂದ, ಫಿಲ್ಟರ್ ಹಾಕಿದ ನಂತರ ಸಂವೇದಕವನ್ನು ಕ್ಯಾಲಿಬ್ರೇಟ್ ಮಾಡಿದರೆ ಸರಿಹೋಗುತ್ತದೆ. ಇದೇ 10 ಓಮ್ ರೋಧವನ್ನು 0.5 ಆಂಪಿಯರ್ ಹರಿಯುವ ಮುಖ್ಯ ದಾರಿಯಲ್ಲಿ ಇಟ್ಟರೆ 5 ವೋಲ್ಟ್ ಪೂರ್ತಿ ಅಲ್ಲಿಯೇ ಕಳೆದುಹೋಗುತ್ತದೆ.

ಇದರಿಂದ ಸರಳ ನಿಯಮವೊಂದು ದೊರೆಯುತ್ತದೆ: ಹೆಚ್ಚು ಪ್ರವಾಹ ಹರಿಯುವ ದಾರಿಯಲ್ಲಿ ಇಂಡಕ್ಟರ್, ಅಲ್ಪ ಪ್ರವಾಹದ ದಾರಿಯಲ್ಲಿ ರೋಧ.

*ಸಂಕೇತದ ದಾರಿಯಲ್ಲಿ ಆರ್‌ಸಿ ಫಿಲ್ಟರ್.* ಮೈಕ್ರೋಕಂಟ್ರೋಲರ್ ಸಂಕೇತವನ್ನು ಬಿಡಿಬಿಡಿಯಾಗಿ ಅಳೆಯುತ್ತದೆ. ಚಲನಚಿತ್ರದಲ್ಲಿ ವೇಗವಾಗಿ ತಿರುಗುವ ಗಾಡಿಯ ಚಕ್ರ ನಿಧಾನವಾಗಿ ಹಿಮ್ಮುಖವಾಗಿ ತಿರುಗಿದಂತೆ ಕಾಣುವ ಹಾಗೆ, 150 ಕಿಲೋಹರ್ಟ್ಸ್ ಅಲೆಯು ಇಂತಹ ಅಳತೆಯಲ್ಲಿ ನಿಧಾನವಾದ ಏರಿಳಿತವಾಗಿ ತೋರಬಹುದು. ನೋಡುವವರಿಗೆ ಅದು ಮಣ್ಣು ಒಣಗಿ ನೆನೆದಂತೆಯೇ ಕಾಣುತ್ತದೆ. ಹಲವು ಅಳತೆಗಳ ಸರಾಸರಿ ತೆಗೆದರೂ ಈ ದೋಷ ಪೂರ್ತಿ ಹೋಗದು. ಅಳೆಯುವ ಮೊದಲೇ ಅದನ್ನು ತಡೆಯಬೇಕು. ಮಣ್ಣಿನ ತೇವಾಂಶ ಮಿಲಿಸೆಕೆಂಡುಗಳಲ್ಲಿ ಬದಲಾಗುವಂಥದ್ದಲ್ಲ. ಆದ್ದರಿಂದ 10 ಕಿಲೋಓಮ್ ರೋಧ ಮತ್ತು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದ, ಸುಮಾರು 16 ಹರ್ಟ್ಸ್ ಮಿತಿಯ ಫಿಲ್ಟರನ್ನು ಧಾರಾಳವಾಗಿ ಬಳಸಬಹುದು. ಆದರೆ ಸಂವೇದಕಕ್ಕೆ ವಿದ್ಯುತ್ ಕೊಟ್ಟ ತಕ್ಷಣ ಅಳೆಯಬಾರದು. ಈ ಕೆಪಾಸಿಟರ್ ತುಂಬಿ ಸಾವಿರದಲ್ಲಿ ಒಂದು ಪಾಲಿನ ನಿಖರತೆ ಬರಲು ಸುಮಾರು 70 ಮಿಲಿಸೆಕೆಂಡ್ ಬೇಕು. 100 ಮಿಲಿಸೆಕೆಂಡ್ ಕಾದು ಅಳೆಯುವುದು ಕ್ಷೇಮ.

ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು

* *ಫೆರೈಟ್ ಬೀಡ್ ಬಳಕೆ.* ಬೀಡಿನ ಮೇಲೆ 100 ಓಮ್ ಎಂದು ಸೂಚಿಸಿದ್ದರೆ ಅದು ಸಾಮಾನ್ಯವಾಗಿ 100 ಮೆಗಾಹರ್ಟ್ಸ್ ಆವರ್ತನಕ್ಕೆ ಸಂಬಂಧಿಸಿದ್ದು. 150 ಕಿಲೋಹರ್ಟ್ಸ್ ಅಲೆಗೆ ಅದು ತಡೆಯಾಗುವುದಿಲ್ಲ. ಇಂಡಕ್ಟರಿನ ಬದಲಿಗೆ ಬೀಡನ್ನು ಬಳಸಬಾರದು.
* *ಉದ್ದ ತಂತಿಯ ಕಡೆಗಣನೆ.* ಬ್ಯಾಟರಿಯಿಂದ ಮಾಪಕಕ್ಕೆ 10 ಮೀಟರ್ ತಂತಿ ಎಳೆದರೆ ಆ ತಂತಿಯೇ ಕೆಲವು ಮೈಕ್ರೋಹೆನ್ರಿಯ ಇಂಡಕ್ಟರ್ ಆಗಿ ವರ್ತಿಸುತ್ತದೆ. ಮಾಪಕದ ಒಳಬದಿಯಲ್ಲಿ ಸೆರಾಮಿಕ್ ಕೆಪಾಸಿಟರ್ ಮಾತ್ರ ಇದ್ದರೆ, ತಂತಿ ಜೋಡಿಸಿದ ಕ್ಷಣ 14 ವೋಲ್ಟ್ ಸುಮಾರು 28 ವೋಲ್ಟ್‌ವರೆಗೆ ಚಿಮ್ಮಬಹುದು. 28 ವೋಲ್ಟ್ ಮಿತಿಯ ಸಣ್ಣ ಮಾಡ್ಯೂಲ್‌ಗಳು ಮೊದಲ ದಿನವೇ ಕೆಡಲು ಇದೊಂದು ಕಾರಣ. ಒಳಬದಿಯಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಸೇರಿಸಬೇಕು ಹಾಗೂ ಅನುಕರಣೆಯಲ್ಲಿ ತಂತಿಯನ್ನೂ ಇಂಡಕ್ಟರಾಗಿ ತೋರಿಸಬೇಕು.
* *ಫಿಲ್ಟರನ್ನೇ ಸಿಡಿಲು ರಕ್ಷಣೆಯೆಂದು ಭಾವಿಸುವುದು.* ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯಲ್ಲಿ ಉದ್ದ ತಂತಿಗಳಿಗೆ ಸಿಡಿಲಿನ ಪ್ರಭಾವ ತಟ್ಟುತ್ತದೆ. ಇದಕ್ಕೆ ಪ್ರತ್ಯೇಕ ಸರ್ಜ್ ರಕ್ಷಕ ಮತ್ತು ಸಮರ್ಪಕ ಅರ್ಥಿಂಗ್ ಅವಶ್ಯ.

ಅನುಕರಣೆ ನಡೆಸುವ ಕ್ರಮ

1. ಮೊದಲು ಆದರ್ಶ ಭಾಗಗಳಿಂದ ಮಂಡಲವನ್ನು ರಚಿಸಿ, ಮೇಲಿನ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಹೊಂದದಿದ್ದಲ್ಲಿ ರಚನೆಯಲ್ಲಿಯೇ ತಪ್ಪಿದೆ.
2. ನಂತರ ಇಂಡಕ್ಟರ್ ಮತ್ತು ಕೆಪಾಸಿಟರ್‌ಗಳ ಒಳರೋಧವನ್ನು ಸೇರಿಸಬೇಕು. ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬೇಕು.
3. ಗಣನೆಯ ಕಾಲದ ಹೆಜ್ಜೆಯನ್ನು 50 ನ್ಯಾನೋಸೆಕೆಂಡಿಗಿಂತ ಹೆಚ್ಚಾಗದಂತೆ ಮಿತಿಗೊಳಿಸಬೇಕು. 150 ಕಿಲೋಹರ್ಟ್ಸ್‌ನ ಒಂದು ಆವರ್ತ 6.7 ಮೈಕ್ರೋಸೆಕೆಂಡ್ ಮಾತ್ರ. ಹೆಜ್ಜೆ ದೊಡ್ಡದಾದರೆ ಅಲೆಯ ಶಿಖರ ತಪ್ಪಿಹೋಗುತ್ತದೆ.
4. ಬ್ಯಾಟರಿ 11 ವೋಲ್ಟ್ ಇದ್ದಾಗ, 14.4 ವೋಲ್ಟ್ ಇದ್ದಾಗ ಮತ್ತು ಇಂಡಕ್ಟರ್ ಮೌಲ್ಯ ಶೇ. 20 ಕಡಿಮೆಯಿದ್ದಾಗ ಪ್ರತ್ಯೇಕವಾಗಿ ಪರೀಕ್ಷಿಸಬೇಕು.
5. ಹೊರೆಯನ್ನು 0.05ರಿಂದ 0.5 ಆಂಪಿಯರಿಗೆ ಥಟ್ಟನೆ ಏರಿಸಿ ಓಲಾಟವನ್ನು ಗಮನಿಸಬೇಕು.
6. ಪ್ರತಿ ಪರೀಕ್ಷೆಯಲ್ಲಿಯೂ ಇಂಡಕ್ಟರಿನ ಶಿಖರ ಪ್ರವಾಹವನ್ನು ಮಾಹಿತಿ ಹಾಳೆಯ ಸಂತೃಪ್ತ ಪ್ರವಾಹಕ್ಕೆ ಹೋಲಿಸಬೇಕು. ಶಿಖರವು ಅದನ್ನು ಮೀರಿದ್ದರೆ ಅಲ್ಲಿಂದ ಮುಂದಿನ ರೇಖೆಯನ್ನು ನಂಬಬಾರದು.

ತೋಟದಲ್ಲಿ ಅಂತಿಮ ಪರೀಕ್ಷೆ

ಮಾಪಕವನ್ನು ಹೂಮಳೆಯ ಕಾಲಕ್ಕೆ ಮೊದಲೇ ಪರೀಕ್ಷಿಸುವುದು ಸೂಕ್ತ. ತೋಟದ ಮಣ್ಣನ್ನು ಒಂದು ಬಕೆಟ್ಟಿನಲ್ಲಿ ಹದವಾಗಿ ನೆನೆಸಿ ಸಂವೇದಕವನ್ನು ಹೂಳಬೇಕು. ಮೊದಲು ಸಂವೇದಕಕ್ಕೆ ಬಕ್ ಪರಿವರ್ತಕದಿಂದ, ನಂತರ 5 ವೋಲ್ಟ್ ಲೀನಿಯರ್ ನಿಯಂತ್ರಕದಿಂದ ವಿದ್ಯುತ್ ಕೊಟ್ಟು ಎರಡೂ ಅಳತೆಗಳನ್ನು ಬರೆದುಕೊಳ್ಳಬೇಕು. ರೇಡಿಯೊ ಚಾಲೂ ಇದ್ದಾಗ ಮತ್ತು ಇಲ್ಲದಾಗಲೂ ಹೀಗೆಯೇ ಮಾಡಬೇಕು. ಮಣ್ಣು ಬದಲಾಗಿಲ್ಲವಾದ್ದರಿಂದ ಅಳತೆಯಲ್ಲಿ ಬಂದ ವ್ಯತ್ಯಾಸಕ್ಕೆ ವಿದ್ಯುತ್ ಪೂರೈಕೆಯೇ ಕಾರಣ. ಆಸಿಲೋಸ್ಕೋಪ್ ಇಲ್ಲದವರೂ ಈ ಪರೀಕ್ಷೆಯನ್ನು ಮಾಡಬಹುದು. ಸಾಧಾರಣ ಮಲ್ಟಿಮೀಟರ್ 150 ಕಿಲೋಹರ್ಟ್ಸ್ ಅಲೆಯನ್ನು ಸರಿಯಾಗಿ ತೋರಿಸಲಾರದು. ಮೀಟರ್ 5.00 ವೋಲ್ಟ್ ತೋರಿಸಿತೆಂದು ನಿಶ್ಚಿಂತರಾಗಬಾರದು. ರೇಡಿಯೊ ಸಂದೇಶ ಕಳುಹಿಸುವ ಸಮಯದಲ್ಲಿ ತೇವಾಂಶವನ್ನು ಅಳೆಯದಂತೆ ತಂತ್ರಾಂಶದಲ್ಲಿ ವ್ಯವಸ್ಥೆ ಮಾಡುವುದೂ ಉಪಯುಕ್ತ.

ಸಾರಾಂಶ

ಇಂಡಕ್ಟರಿನ ಮೌಲ್ಯವನ್ನು ಲೆಕ್ಕದಿಂದ ನಿರ್ಧರಿಸಿ, ಅದರ ಸಂತೃಪ್ತ ಪ್ರವಾಹ ಮತ್ತು ಒಳರೋಧವನ್ನು ಮಾಹಿತಿ ಹಾಳೆಯಿಂದ ಪಡೆಯಬೇಕು. ಶಕ್ತಿ ಸಾಗಿಸುವ ದಾರಿಯಲ್ಲಿ ಮಾತ್ರ ಇಂಡಕ್ಟರನ್ನು ಬಳಸಿ, ಸಂವೇದಕಕ್ಕೆ ಆರ್‌ಸಿ ಫಿಲ್ಟರ್ ಹಾಕಬೇಕು. ಗುರುತಿಲ್ಲದ, ಮಾಹಿತಿ ಹಾಳೆಯಿಲ್ಲದ ಇಂಡಕ್ಟರನ್ನು ಕೆಲವು ರೂಪಾಯಿಗಳ ಉಳಿತಾಯಕ್ಕಾಗಿ ಬಳಸುವುದು ಲಾಭಕರವಲ್ಲ.

ಮಾಪಕವು ಮಣ್ಣಿನ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಹೂವಿನ ನೀರನ್ನು ಯಾವಾಗ ಆರಂಭಿಸಬೇಕು ಎಂಬುದು ಮೊಗ್ಗಿನ ಬೆಳವಣಿಗೆ ಮತ್ತು ಗಿಡ ಅನುಭವಿಸಿದ ಒಣಹವೆಯನ್ನು ಅವಲಂಬಿಸಿದೆ. ಈ ಬಗ್ಗೆ ಬೆಳೆಗಾರರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಅಥವಾ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆ ಪಡೆಯಬಹುದು. ಬೇರಿನ ಮಟ್ಟದಲ್ಲಿ ಮಣ್ಣನ್ನು ಅಗೆದು, ಮುಷ್ಟಿಯಲ್ಲಿ ಹಿಡಿದು ನೋಡುವ ಹಿಂದಿನ ಪದ್ಧತಿಯನ್ನು ಮೊದಲ ಹಂಗಾಮಿನಲ್ಲಿ ಮಾಪಕದ ಜೊತೆಜೊತೆಗೇ ಮುಂದುವರಿಸತಕ್ಕದ್ದು. ಎರಡೂ ಒಂದೇ ಮಾತನ್ನು ಹೇಳಿದ ನಂತರವೇ ಪಂಪನ್ನು ಮಾಪಕದ ಅಳತೆಗೆ ಒಪ್ಪಿಸುವುದು ಸೂಕ್ತ.